ಸಂಘದ ಸಮ್ಮೇಳನ ನಡೆಸುವುದು ಹೇಗೆ: ಸದಸ್ಯರ ಪಟ್ಟಿಯಿಂದ ಮತಪೆಟ್ಟಿಗೆಯವರೆಗೆ

"ಮೂರು ವರ್ಷ ಮುಗಿಯುತ್ತಾ ಬಂತು, ಸಂಘದ ಸಮ್ಮೇಳನ ಮಾಡಲೇಬೇಕಂತೆ. ಎಲ್ಲಿಂದ ಶುರು ಮಾಡಬೇಕು?" ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ ಕಾರ್ಮಿಕರು, ಬನಹಟ್ಟಿಯ ವಿದ್ಯುತ್ ಮಗ್ಗದವರು, ವಿಜಯಪುರ ಜಿಲ್ಲೆಯ ಅಂಗನವಾಡಿ ಕಾರ್ಯಕರ್ತೆಯರು ಹೀಗೆ ಬೇರೆ ಬೇರೆ ಕಡೆಯವರು ಕೇಳುವ ಪ್ರಶ್ನೆ ಒಂದೇ. ಕೇಳಿದವರು ಮರುಕ್ಷಣವೇ ಮಂಗಲ ಕಾರ್ಯಾಲಯದ ಬಾಡಿಗೆ, ಬ್ಯಾನರಿನ ಅಳತೆ, ಉದ್ಘಾಟನೆಗೆ ಯಾವ ಮುಖಂಡರನ್ನು ಕರೆಯಬೇಕು ಎಂಬ ವಿಚಾರಕ್ಕೆ ಬರುತ್ತಾರೆ. ಅವು ಕೊನೆಯ ವಾರದ ಕೆಲಸಗಳು. ಸಮ್ಮೇಳನದ ಹಣೆಬರಹ ನಿರ್ಧಾರವಾಗುವುದು ಅದಕ್ಕೂ ಬಹಳ ಮೊದಲು, ಖಜಾಂಚಿಯ ಕಪಾಟಿನಲ್ಲಿರುವ ಸದಸ್ಯತ್ವ ರಿಜಿಸ್ಟರಿನಲ್ಲಿ.

ಸಮ್ಮೇಳನ ಎಂದರೇನು ಎಂಬುದನ್ನು ಮೊದಲು ಸ್ಪಷ್ಟ ಮಾಡಿಕೊಳ್ಳೋಣ. ಸಂಘದ ದಿನನಿತ್ಯದ ಕೆಲಸವನ್ನು ಕಾರ್ಯಕಾರಿ ಸಮಿತಿ ನೋಡಿಕೊಳ್ಳುತ್ತದೆ. ಆ ಸಮಿತಿಯನ್ನು ಆರಿಸುವುದು, ಅದರಿಂದ ಲೆಕ್ಕ ಕೇಳುವುದು, ನಿಯಮ ಬದಲಿಸುವುದು, ಮುಂದಿನ ಅವಧಿಗೆ ದಾರಿ ಹಾಕಿಕೊಡುವುದು ಸದಸ್ಯರ ಅಧಿಕಾರ. ಸದಸ್ಯರು ಕಡಿಮೆಯಿದ್ದರೆ ಎಲ್ಲರೂ ಸೇರಿ ಸರ್ವ ಸದಸ್ಯರ ಸಭೆಯಲ್ಲೇ ಇದನ್ನು ಮಾಡುತ್ತಾರೆ. ಸಂಘ ನಾಲ್ಕಾರು ಊರುಗಳಿಗೆ ಹಬ್ಬಿದ್ದರೆ ಪ್ರತಿ ಶಾಖೆಯೂ ಪ್ರತಿನಿಧಿಗಳನ್ನು ಆರಿಸಿ ಕಳಿಸುತ್ತದೆ. ಆ ಪ್ರತಿನಿಧಿಗಳ ಸಭೆಯೇ ಸಮ್ಮೇಳನ. ಅದು ನಡೆಯುವಷ್ಟು ಹೊತ್ತು ಅಧ್ಯಕ್ಷರಿಗಾಗಲಿ ಪ್ರಧಾನ ಕಾರ್ಯದರ್ಶಿಗಾಗಲಿ ಅದರ ಮೇಲೆ ಯಜಮಾನಿಕೆ ಇಲ್ಲ. ಈ ಮಾತನ್ನು ಬಾಯಲ್ಲಿ ಎಲ್ಲರೂ ಒಪ್ಪುತ್ತಾರೆ. ವೇದಿಕೆಯ ಮೇಲೆ ಕುರ್ಚಿ ಹಾಕುವಾಗ ಬಹಳ ಜನ ಮರೆಯುತ್ತಾರೆ.

ಶುರು ಮಾಡುವ ಮೊದಲು ನಿಮ್ಮ ಕೈಯಲ್ಲಿ ಇರಬೇಕಾದದ್ದು ಇಷ್ಟು: ನೋಂದಣಿಯಾದ ನಿಯಮಾವಳಿಯ ಪ್ರತಿ, ಸದಸ್ಯತ್ವ ರಿಜಿಸ್ಟರು, ವಂತಿಗೆಯ ರಸೀದಿ ಪುಸ್ತಕಗಳು, ಹಿಂದಿನ ಸಮ್ಮೇಳನದ ನಡಾವಳಿ ಪುಸ್ತಕ, ಪ್ರತಿ ವರ್ಷದ ಲೆಕ್ಕಪರಿಶೋಧನಾ ವರದಿ. ಇವುಗಳಲ್ಲಿ ಯಾವುದಾದರೂ ಸಿಗದಿದ್ದರೆ ದಿನಾಂಕ ಗೊತ್ತು ಮಾಡುವ ಮೊದಲು ಅದನ್ನು ಹುಡುಕಿ.

1. ನಿಯಮಾವಳಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ

ನಮ್ಮ ಕಡೆ ಎಲ್ಲರೂ ಇದನ್ನು ಬೈಲಾ ಎನ್ನುತ್ತಾರೆ. ಸಮ್ಮೇಳನಕ್ಕೆ ನಾಲ್ಕು ತಿಂಗಳು ಇರುವಾಗಲೇ ಇಬ್ಬರು ಮೂವರು ಕೂತು, ಗಟ್ಟಿಯಾಗಿ ಓದಿಕೊಂಡು, ಈ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಿ. ಸಮ್ಮೇಳನ ಕರೆಯುವ ಅಧಿಕಾರ ಯಾರದ್ದು? ನೋಟಿಸು ಎಷ್ಟು ದಿನ ಮೊದಲು ಹೋಗಬೇಕು? ಎಷ್ಟು ಸದಸ್ಯರಿಗೆ ಒಬ್ಬ ಪ್ರತಿನಿಧಿ? ಕೋರಂ, ಅಂದರೆ ಸಭೆ ಊರ್ಜಿತವಾಗಲು ಹಾಜರಿರಬೇಕಾದ ಕನಿಷ್ಠ ಸಂಖ್ಯೆ, ಎಷ್ಟು? ಬೈಲಾ ತಿದ್ದಲು ಸರಳ ಬಹುಮತ ಸಾಕೋ ಮೂರನೇ ಎರಡು ಬೇಕೋ? ಪದಾಧಿಕಾರಿಯನ್ನು ಅವಧಿಗೆ ಮುನ್ನ ತೆಗೆಯುವ ವಿಧಾನ ಏನು? ಸದಸ್ಯರೇ ಕೇಳಿ ವಿಶೇಷ ಸಮ್ಮೇಳನ ಕರೆಸಬೇಕಾದರೆ ಎಷ್ಟು ಸಹಿ ಬೇಕು?

ಕಾನೂನಿನ ಹಿನ್ನೆಲೆಯೂ ಗೊತ್ತಿರಲಿ. ನಮ್ಮ ಹಳೆಯ ಸಂಘಗಳೆಲ್ಲ ನೋಂದಣಿಯಾಗಿರುವುದು 1926ರ ಕಾರ್ಮಿಕ ಸಂಘಗಳ ಕಾಯ್ದೆಯಡಿ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಹಳೆಯ ನೋಂದಣಿ ಊರ್ಜಿತದಲ್ಲಿದ್ದರೆ ಹೊಸ ಸಂಹಿತೆಯಡಿಯೂ ಅದು ನಡೆಯುತ್ತದೆ, ಹೊಸದಾಗಿ ಅರ್ಜಿ ಹಾಕಬೇಕಿಲ್ಲ. ಆದರೆ ಕಾರ್ಯಕಾರಿ ಸಮಿತಿಯ ರಚನೆ ಸಂಹಿತೆಗೆ ತಕ್ಕಂತಿದೆ ಎಂಬ ಹೇಳಿಕೆಯನ್ನು, ಸಂಹಿತೆಗೆ ಹೊಂದಿಸಿದ ಬೈಲಾ ಸಮೇತ, ನೋಂದಣಾಧಿಕಾರಿಗೆ ಕೊಡಬೇಕು. ಬೈಲಾ ತಿದ್ದುವ ಅಧಿಕಾರ ಸಮ್ಮೇಳನಕ್ಕೆ ಇರುವ ಸಂಘಗಳಿಗೆ ಇದು ಈ ಸಲದ ಕಾರ್ಯಸೂಚಿಯಲ್ಲಿ ಇರಲೇಬೇಕಾದ ವಿಷಯ.

ಎಚ್ಚರಿಕೆ: ಕಾರ್ಯಕಾರಿ ಸಮಿತಿಯ ಅವಧಿ ಮೂರು ವರ್ಷ ಮೀರುವಂತಿಲ್ಲ. 2001ರ ತಿದ್ದುಪಡಿ ತಂದ ಈ ಮಿತಿ ಹೊಸ ಸಂಹಿತೆಯಲ್ಲೂ ಉಳಿದಿದೆ. "ಹೋರಾಟ ನಡೆದಿದೆ, ಮುಂದಿನ ವರ್ಷ ಮಾಡೋಣ" ಎಂದು ಎಳೆಯುತ್ತಾ ಹೋದವರಿಗೆ ಬಿಸಿ ತಟ್ಟುವುದು ಮಾತುಕತೆಯ ಮೇಜಿನ ಮುಂದೆ. ಆಡಳಿತ ಮಂಡಳಿಯ ವಕೀಲರು ಕೇಳುವ ಮೊದಲ ಪ್ರಶ್ನೆಯೇ ಇದು: ಇವರನ್ನು ಆರಿಸಿದವರು ಯಾರು, ಯಾವಾಗ?

2. ಸದಸ್ಯರ ಪಟ್ಟಿಯನ್ನು ಶುದ್ಧ ಮಾಡಿ

ಇಲ್ಲಿ ಅವಸರ ಬೇಡ. ಯಾವ ದಿನಕ್ಕೆ ಸದಸ್ಯರಾಗಿದ್ದವರನ್ನು ಲೆಕ್ಕಕ್ಕೆ ಹಿಡಿಯುತ್ತೀರಿ ಎಂಬ ಒಂದು ಗಡುವಿನ ದಿನ ನಿಗದಿ ಮಾಡಿ, ಕಾರ್ಯಕಾರಿ ಸಮಿತಿಯಲ್ಲಿ ಠರಾವು ಮಾಡಿ, ಎಲ್ಲ ಶಾಖೆಗಳಿಗೂ ಒಂದೇ ದಿನ ತಿಳಿಸಿ. ಬಳಿಕ ರಿಜಿಸ್ಟರಿನ ಪ್ರತಿ ಹೆಸರನ್ನೂ ರಸೀದಿಯ ಕಾರ್ಬನ್ ಪ್ರತಿಯೊಂದಿಗೆ ತಾಳೆ ನೋಡಿ. ರಸೀದಿ ಪುಸ್ತಕದಲ್ಲಿ ಕಾರ್ಬನ್ ಪ್ರತಿ ಅಳಿಸಿಹೋಗಿರುತ್ತದೆ, "ಮಹಾದೇವಿ" ಎಂಬ ಒಂದೇ ಹೆಸರಿನ ನಾಲ್ವರು ಇರುತ್ತಾರೆ, ಕೆಲಸ ಬಿಟ್ಟು ಇಚಲಕರಂಜಿಗೆ ಹೋದವರ ಹೆಸರು ಹಾಗೆಯೇ ಉಳಿದಿರುತ್ತದೆ. ಸದಸ್ಯತ್ವ ಸಂಖ್ಯೆ, ತಂದೆ ಅಥವಾ ಗಂಡನ ಹೆಸರು, ಕೆಲಸದ ಸ್ಥಳ, ವಂತಿಗೆ ಕಟ್ಟಿದ ಕೊನೆಯ ದಿನ ಎಂಬ ನಾಲ್ಕು ಅಂಕಣ ಇದ್ದರೆ ಮುಕ್ಕಾಲು ತಕರಾರು ಅಲ್ಲೇ ಮುಗಿಯುತ್ತದೆ.

ನಮ್ಮ ಜಿಲ್ಲೆಗಳಿಗೇ ಅಂಟಿಕೊಂಡ ಒಂದು ತೊಡಕಿದೆ. ಸಕ್ಕರೆ ಕಾರ್ಖಾನೆಯ ಹಂಗಾಮಿ ಕಾರ್ಮಿಕರು ಕಬ್ಬು ನುರಿಸುವ ತಿಂಗಳುಗಳಲ್ಲಿ ಮಾತ್ರ ಸಂಬಳ ಪಡೆಯುತ್ತಾರೆ, ಆ ತಿಂಗಳುಗಳಲ್ಲೇ ವಂತಿಗೆ ಕಟ್ಟುತ್ತಾರೆ. ಹಂಗಾಮು ಮುಗಿದ ಮೇಲೆ ಸಮ್ಮೇಳನ ಬಂದರೆ ಅವರನ್ನು "ಬಾಕಿದಾರರು" ಎಂದು ಪಟ್ಟಿಯಿಂದ ಬಿಡಬಹುದೇ? ಬೈಲಾದಲ್ಲಿ ಸ್ಪಷ್ಟತೆ ಇಲ್ಲದಿದ್ದರೆ ಇದನ್ನು ಸಮಿತಿಯಲ್ಲಿ ಚರ್ಚಿಸಿ, ಬರೆದು, ಮೊದಲೇ ಪ್ರಕಟಿಸಿ. ಒಂದು ಹಂಗಾಮಿನ ಪೂರ್ತಿ ವಂತಿಗೆ ಕಟ್ಟಿದವರು ವರ್ಷಪೂರ್ತಿ ಸದಸ್ಯರು ಎಂದು ಹಿಡಿಯುವುದೇ ನ್ಯಾಯ ಎಂದು ನನ್ನ ಅಭಿಪ್ರಾಯ. ಕೆಲಸ ಹಂಗಾಮಿನದ್ದಾದ ಮಾತ್ರಕ್ಕೆ ಸದಸ್ಯತ್ವವೂ ಹಂಗಾಮಿನದ್ದಾಗಬೇಕಿಲ್ಲ.

ಪಟ್ಟಿ ಸಿದ್ಧವಾದ ಮೇಲೆ ಅದನ್ನು ಸಂಘದ ಕಚೇರಿಯ ಗೋಡೆಗೂ ಪ್ರತಿ ಶಾಖೆಯ ಸೂಚನಾ ಫಲಕಕ್ಕೂ ಅಂಟಿಸಿ, ಆಕ್ಷೇಪಣೆಗೆ ಹದಿನೈದು ದಿನ ಕೊಡಿ. ಸದಸ್ಯರ ಪಟ್ಟಿಯನ್ನೂ ಲೆಕ್ಕದ ಪುಸ್ತಕಗಳನ್ನೂ ನೋಡುವುದು ಸದಸ್ಯರ ಕಾನೂನುಬದ್ಧ ಹಕ್ಕು, ಸಮಿತಿಯ ಔದಾರ್ಯವಲ್ಲ. ಯಾರಾದರೂ ಬಂದು ರಿಜಿಸ್ಟರು ತೋರಿಸಿ ಎಂದರೆ "ನಿನಗೇಕೆ ಅನುಮಾನ?" ಎನ್ನಬೇಡಿ, ಕುರ್ಚಿ ಕೊಟ್ಟು ತೋರಿಸಿ.

ಪಟ್ಟಿಯ ಬೆಲೆ ಈಗ ಇನ್ನೂ ಹೆಚ್ಚಿದೆ. ಒಂದು ಕಾರ್ಖಾನೆಯಲ್ಲಿ ಒಂದಕ್ಕಿಂತ ಹೆಚ್ಚು ಸಂಘಗಳಿದ್ದರೆ, ಅಲ್ಲಿನ ಹಾಜರಿ ಪಟ್ಟಿಯಲ್ಲಿರುವ ಕಾರ್ಮಿಕರಲ್ಲಿ ಶೇ 51 ಅಥವಾ ಹೆಚ್ಚಿನವರ ಬೆಂಬಲ ಇರುವ ಸಂಘವೇ ಏಕೈಕ ಮಾತುಕತೆ ಸಂಘ, ಅಂದರೆ ಆಡಳಿತ ಮಂಡಳಿಯೊಂದಿಗೆ ಕಾರ್ಮಿಕರ ಪರವಾಗಿ ಮಾತುಕತೆ ನಡೆಸುವ ಸಂಘ, ಎಂದು ಹೊಸ ಸಂಹಿತೆ ಹೇಳುತ್ತದೆ. ಯಾರಿಗೂ ಅಷ್ಟು ಬೆಂಬಲ ಇಲ್ಲದಿದ್ದರೆ ಕನಿಷ್ಠ ಶೇ 20ರ ಬೆಂಬಲವಿರುವ ಸಂಘಗಳು ಸೇರಿ ಮಾತುಕತೆ ಮಂಡಳಿಯಾಗುತ್ತದೆ. ರಿಜಿಸ್ಟರಿನಲ್ಲಿ ಹೆಸರು ಉಬ್ಬಿಸಿಟ್ಟವರ ಬಣ್ಣ ಅಲ್ಲಿ ಬಯಲಾಗುತ್ತದೆ.

3. ದಿನ, ಜಾಗ, ನೋಟಿಸು

ಸಕ್ಕರೆ ಕಾರ್ಖಾನೆಯವರು ಹಂಗಾಮಿನಲ್ಲಿ ಸಮ್ಮೇಳನ ಇಡಬೇಡಿ. ಬೆಳಗಾವಿಯಲ್ಲಿ ಮಾಡುವವರು ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುವ ದಿನಗಳನ್ನು ಬಿಡಿ. ಆಗ ಊರಿನ ವಸತಿಗೃಹಗಳೂ ಭರ್ತಿ, ನಿಮ್ಮ ಕಾರ್ಯಕರ್ತರೂ ಯಾವುದಾದರೂ ಧರಣಿಯಲ್ಲಿ ಇರುತ್ತಾರೆ. ಬಿಸಿಯೂಟದ ಅಡುಗೆಯವರ ಸಂಘವಾದರೆ ಭಾನುವಾರವೇ ಆಗಬೇಕು. ಹೆಣ್ಣುಮಕ್ಕಳು ಹೆಚ್ಚಿರುವ ಸಂಘದಲ್ಲಿ ಹಳ್ಳಿಗೆ ಹೋಗುವ ಕೊನೆಯ ಬಸ್ಸಿನ ಸಮಯ ನೋಡಿ ಕಾರ್ಯಸೂಚಿ ಹಾಕಿ. ಚುನಾವಣೆಯನ್ನು ಸಂಜೆ ಆರಕ್ಕೆ ಇಟ್ಟರೆ ಸಿಂದಗಿ, ಇಂಡಿ ಕಡೆಯ ಅಕ್ಕಂದಿರು ನಾಲ್ಕೂವರೆಗೇ ಚೀಲ ಹೆಗಲಿಗೆ ಹಾಕುತ್ತಾರೆ, ಮತ ಹಾಕುವವರು ಊರಿನವರು ಮಾತ್ರ ಉಳಿಯುತ್ತಾರೆ. ಕೆಲವು ಕಡೆ ಇದು ಅಜ್ಞಾನದಿಂದ ಆಗುತ್ತದೆ, ಕೆಲವು ಕಡೆ ಬೇಕೆಂದೇ ಆಗುತ್ತದೆ.

ನೋಟಿಸಿನಲ್ಲಿ ದಿನ, ವೇಳೆ, ಸ್ಥಳ, ಕಾರ್ಯಸೂಚಿ ಇರಲಿ. ಬೈಲಾ ತಿದ್ದುಪಡಿ ಇದ್ದರೆ ಹಳೆಯ ವಾಕ್ಯ ಮತ್ತು ಹೊಸ ವಾಕ್ಯ ಎರಡನ್ನೂ ಅಕ್ಕಪಕ್ಕ ಅಚ್ಚು ಹಾಕಿ. ವಾಟ್ಸಾಪಿನಲ್ಲಿ ಹಾಕುವುದು ಒಳ್ಳೆಯದೇ, ಆದರೆ ಅದೊಂದನ್ನೇ ನಂಬಬೇಡಿ. ಶಾಖಾ ಕಾರ್ಯದರ್ಶಿಯ ಸಹಿ ಪಡೆದು ಕಾಗದದ ನೋಟಿಸು ತಲುಪಿಸಿ. ಬೆಳಗಾವಿ ನಗರ, ಖಾನಾಪುರ, ನಿಪ್ಪಾಣಿ ಕಡೆಯ ಸಂಘಗಳಲ್ಲಿ ಮರಾಠಿ ಓದುವ ಸದಸ್ಯರು ಸಾಕಷ್ಟು ಇರುತ್ತಾರೆ. ನೋಟಿಸು ಮತ್ತು ವರದಿಯ ಸಾರಾಂಶ ಅವರಿಗೂ ಅರ್ಥವಾಗುವ ಭಾಷೆಯಲ್ಲಿ ಹೋಗಲಿ. ಸಂಘಕ್ಕೆ ಗಡಿ ತಕರಾರು ಬೇಕಿಲ್ಲ.

4. ಪ್ರತಿನಿಧಿಗಳ ಆಯ್ಕೆ

ಇಡೀ ಸಮ್ಮೇಳನದಲ್ಲಿ ಅತ್ಯಂತ ಸೂಕ್ಷ್ಮವಾದ ಹಂತ ಇದೇ. ಒಂದು ಉದಾಹರಣೆಯಿಂದ ನೋಡೋಣ. ಮಗ್ಗದ ಕಾರ್ಮಿಕರ ಒಂದು ಸಂಘಕ್ಕೆ ನಾಲ್ಕು ಶಾಖೆಗಳಿವೆ ಎಂದುಕೊಳ್ಳಿ: ಬನಹಟ್ಟಿಯಲ್ಲಿ 310 ಸದಸ್ಯರು, ರಬಕವಿಯಲ್ಲಿ 185, ಮಹಾಲಿಂಗಪುರದಲ್ಲಿ 128, ಗುಳೇದಗುಡ್ಡದಲ್ಲಿ 47. ಬೈಲಾದಲ್ಲಿ "ಪ್ರತಿ 20 ಸದಸ್ಯರಿಗೆ ಒಬ್ಬ ಪ್ರತಿನಿಧಿ, ಉಳಿಕೆ 10 ಇದ್ದರೆ ಇನ್ನೊಬ್ಬರು" ಎಂದಿದೆ. ಲೆಕ್ಕ ಹಾಕಿದರೆ ಬನಹಟ್ಟಿಗೆ 16, ರಬಕವಿಗೆ 9, ಮಹಾಲಿಂಗಪುರಕ್ಕೆ 6, ಗುಳೇದಗುಡ್ಡಕ್ಕೆ 2, ಒಟ್ಟು 33. ಅದೇ ಬೈಲಾದಲ್ಲಿ "ಉಳಿಕೆ 10 ಮೀರಿದರೆ" ಎಂದಿದ್ದರೆ? ಬನಹಟ್ಟಿಯ ಉಳಿಕೆ ಸರಿಯಾಗಿ 10, ಮೀರುವುದಿಲ್ಲ. ಆಗ ಅದಕ್ಕೆ 15, ಒಟ್ಟು 32. ಮೂವತ್ತೆರಡು ಜನರ ಸಭೆಯಲ್ಲಿ ಮತ ಸಮ ಸಮ ಬಿದ್ದು ಕಗ್ಗಂಟಾಗಬಹುದು. ಮೂವತ್ತಮೂರರಲ್ಲಿ ಎಲ್ಲರೂ ಮತ ಹಾಕಿದರೆ ಹಾಗಾಗುವುದಿಲ್ಲ. ಒಂದೇ ಒಂದು ಪದ. ಆದ್ದರಿಂದ ಪ್ರತಿ ಶಾಖೆಗೆ ಎಷ್ಟು ಪ್ರತಿನಿಧಿಗಳು ಎಂಬುದನ್ನು ಲೆಕ್ಕದ ಸಮೇತ ನೋಟಿಸಿನಲ್ಲೇ ಬರೆದುಬಿಡಿ.

ಈಗ ಆ ಪ್ರತಿನಿಧಿಗಳನ್ನು ಆರಿಸುವವರು ಯಾರು? ಶಾಖೆಯ ಸದಸ್ಯರು, ಶಾಖೆಯ ಸಭೆಯಲ್ಲಿ, ನಡಾವಳಿ ಬರೆದು ಆರಿಸಬೇಕು. ಶಾಖಾ ಕಾರ್ಯದರ್ಶಿ ಮನೆಯಲ್ಲಿ ಕೂತು ಬರೆದ ಹೆಸರುಗಳ ಚೀಟಿ ಆಯ್ಕೆಯಲ್ಲ. ಸಭೆಯಲ್ಲಿ ಹಾಜರಿದ್ದವರ ಸಹಿ, ಸೂಚಿಸಿದವರು, ಅನುಮೋದಿಸಿದವರು, ಸ್ಪರ್ಧೆಯಾಗಿದ್ದರೆ ಬಿದ್ದ ಮತ, ಇಷ್ಟು ಇರುವ ನಡಾವಳಿಯ ನಕಲು ಕೇಂದ್ರ ಕಚೇರಿಗೆ ಬರಬೇಕು. ಬದಲಿ ಪ್ರತಿನಿಧಿಗಳನ್ನೂ ಅಲ್ಲೇ ಆರಿಸಿ. ಇಲ್ಲದಿದ್ದರೆ ಸಮ್ಮೇಳನದ ಬೆಳಿಗ್ಗೆ "ಇವರು ಬಂದಿಲ್ಲ, ಅವರ ತಮ್ಮ ಬಂದಿದ್ದಾನೆ" ಎಂಬ ಪಂಚಾಯಿತಿ ಶುರುವಾಗುತ್ತದೆ.

ಎರಡು ಹಳ್ಳಗಳನ್ನು ತಪ್ಪಿಸಿ. ಮೊದಲನೆಯದು, ಹುದ್ದೆಯ ಬಲದಿಂದ ಬರುವ ಪ್ರತಿನಿಧಿಗಳು. ಹಾಲಿ ಸಮಿತಿಯ ಸದಸ್ಯರೆಲ್ಲ ಆಯ್ಕೆಯಿಲ್ಲದೆ ಪ್ರತಿನಿಧಿಗಳಾಗುವ ವಾಡಿಕೆ ಅನೇಕ ಸಂಘಗಳಲ್ಲಿದೆ. ಮೇಲಿನ ಉದಾಹರಣೆಯಲ್ಲಿ 33 ಜನರ ಜೊತೆಗೆ 11 ಜನರ ಸಮಿತಿ ಸೇರಿದರೆ ಒಟ್ಟು 44. ತಮ್ಮದೇ ವರದಿಗೆ, ತಮ್ಮದೇ ಲೆಕ್ಕಕ್ಕೆ ಕೈ ಎತ್ತುವವರು ಸಭೆಯ ಕಾಲು ಭಾಗ! ಅವರು ಬಂದು ಮಾತಾಡಲಿ, ಉತ್ತರ ಕೊಡಲಿ. ಮತದ ಹಕ್ಕು ಶಾಖೆಯಿಂದ ಆರಿಸಿ ಬಂದವರಿಗೆ ಮಾತ್ರ ಎಂದು ಬೈಲಾದಲ್ಲಿ ಬರೆಯುವುದು ಒಳ್ಳೆಯದು.

ಎರಡನೆಯದು, ಪ್ರತಿನಿಧಿ ಮತ್ತು ವೀಕ್ಷಕರ ಗೊಂದಲ. ವೀಕ್ಷಕರಿಗೆ ಕೂರುವ ಹಕ್ಕಿದೆ, ಅನುಮತಿ ಕೊಟ್ಟರೆ ಮಾತಾಡಬಹುದು, ಮತವಿಲ್ಲ. ಎರಡೂ ಗುಂಪಿಗೆ ಬೇರೆ ಬೇರೆ ಬಣ್ಣದ ಚೀಟಿ, ಬೇರೆ ಬೇರೆ ಸಾಲು ಕೊಡಿ. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ಕಂಡ ಬೆಳಗಾವಿಗೆ ಪ್ರತಿನಿಧಿಗಳೇ ಬೇರೆ, ನೋಡಲು ಬಂದ ಜನರೇ ಬೇರೆ ಎಂಬುದನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ ಎಂದುಕೊಂಡಿದ್ದೇನೆ. ಆದರೂ ಕೈ ಎಣಿಸುವ ಹೊತ್ತಿಗೆ ಹಿಂದಿನ ಸಾಲಿನಿಂದ ಉತ್ಸಾಹದ ಕೈಗಳು ಏಳುತ್ತವೆ.

5. ವರದಿ ಮತ್ತು ಜಮಾ-ಖರ್ಚು

ಕಾರ್ಯದರ್ಶಿಯ ವರದಿ ಸಮ್ಮೇಳನಕ್ಕೆ ಹದಿನೈದು ದಿನ ಮೊದಲು ಪ್ರತಿನಿಧಿಗಳ ಕೈಗೆ ತಲುಪಲಿ. ಬೆಳಿಗ್ಗೆ ಫೈಲಿನೊಳಗೆ ತುರುಕಿ ಕೊಟ್ಟು ಹನ್ನೊಂದಕ್ಕೆ ಅಂಗೀಕಾರ ಕೇಳುವುದು ಮೋಸಕ್ಕೆ ಹತ್ತಿರದ ಕೆಲಸ. ವರದಿಯಲ್ಲಿ ವಿಶ್ವ ಪರಿಸ್ಥಿತಿ, ದೇಶದ ಪರಿಸ್ಥಿತಿ ಎರಡು ಪುಟದಲ್ಲಿ ಮುಗಿಯಲಿ. ಹಿಂದಿನ ಸಮ್ಮೇಳನದ ಪ್ರತಿ ಠರಾವು ಏನಾಯಿತು, ಏನಾಗಲಿಲ್ಲ, ಯಾಕಾಗಲಿಲ್ಲ ಎಂಬುದಕ್ಕೆ ಉಳಿದ ಪುಟ ಕೊಡಿ. ಯಾವ ಶಾಖೆಯಲ್ಲಿ ಸದಸ್ಯರು ಹೆಚ್ಚಾದರು, ಎಲ್ಲಿ ಕಡಿಮೆಯಾದರು ಎಂಬ ಒಂದು ಕೋಷ್ಟಕ ಇರಲೇಬೇಕು.

ಜಮಾ-ಖರ್ಚಿನ ಪತ್ರಿಕೆ ಲೆಕ್ಕಪರಿಶೋಧಕರ ಸಹಿಯೊಂದಿಗೆ ಇರಬೇಕು. ಸಂಘದ ಸಾಮಾನ್ಯ ನಿಧಿಯನ್ನು ಯಾವ ಯಾವ ಕೆಲಸಕ್ಕೆ ಖರ್ಚು ಮಾಡಬಹುದು ಎಂಬುದಕ್ಕೆ ಕಾನೂನಿನ ಚೌಕಟ್ಟಿದೆ: ಆಡಳಿತ, ಸಂಬಳ, ಕೋರ್ಟು ವ್ಯವಹಾರ, ಸದಸ್ಯರ ನೆರವು ಮುಂತಾದವು. ಚುನಾವಣೆಗೆ ನಿಂತ ಅಭ್ಯರ್ಥಿಗೆ ಆ ನಿಧಿಯಿಂದ ಹಣ ಕೊಡುವಂತಿಲ್ಲ, ಸಮ್ಮೇಳನ ಒಕ್ಕೊರಲಿನಿಂದ ಹೇಳಿದರೂ ಅಷ್ಟೇ. ರಾಜಕೀಯ ಉದ್ದೇಶಕ್ಕೆ ಬೇರೆಯೇ ನಿಧಿ ಮಾಡಬಹುದು. ಅದಕ್ಕೆ ಹಣ ಕೊಡುವಂತೆ ಯಾವ ಸದಸ್ಯರನ್ನೂ ಒತ್ತಾಯಿಸುವಂತಿಲ್ಲ, ಕೊಡದವರಿಗೆ ಸಂಘದ ಸೌಲಭ್ಯ ತಪ್ಪಿಸುವಂತಿಲ್ಲ.

6. ಸಮ್ಮೇಳನದ ಬೆಳಿಗ್ಗೆ

ಧ್ವಜಾರೋಹಣ, ಹುತಾತ್ಮರಿಗೆ ನಮನ, ಸ್ವಾಗತ ಭಾಷಣ ನಿಮಗೆ ಗೊತ್ತಿರುವಂಥವೇ. ಉದ್ಘಾಟಕರಿಗೆ ವೇಳೆ ಎಷ್ಟು ಎಂದು ಮೊದಲೇ ಹೇಳಿ, ವಿನಯದಿಂದ, ಆದರೆ ಸ್ಪಷ್ಟವಾಗಿ. ನಮ್ಮಲ್ಲಿ ಸಮ್ಮೇಳನದ ಅರ್ಧ ದಿನವನ್ನು ತಿನ್ನುವುದು ಇದೇ ಭಾಗ.

ಉದ್ಘಾಟನೆ ಮುಗಿದು ಪ್ರತಿನಿಧಿಗಳ ಅಧಿವೇಶನ ಆರಂಭವಾದ ಕೂಡಲೇ ಸಭೆ ಮೂರು ಕೆಲಸ ಮಾಡಬೇಕು. ಒಂದು, ಅಧ್ಯಕ್ಷ ಮಂಡಳಿಯ ಆಯ್ಕೆ: ಕಲಾಪ ನಡೆಸುವ ಮೂರು ಅಥವಾ ಐದು ಜನ. ವರದಿ ಮಂಡಿಸುವ ಕಾರ್ಯದರ್ಶಿ, ಲೆಕ್ಕ ಕೊಡುವ ಖಜಾಂಚಿ ಇದರಲ್ಲಿ ಇರಬಾರದು. ಒಬ್ಬರಾದರೂ ಹೆಣ್ಣುಮಗಳು, ಒಬ್ಬರಾದರೂ ಚಿಕ್ಕ ಶಾಖೆಯವರು ಇರಲಿ. ಎರಡು, ರುಜುವಾತು ಸಮಿತಿ, ಅಂದರೆ ಬಂದವರು ನಿಜಕ್ಕೂ ಆಯ್ಕೆಯಾದ ಪ್ರತಿನಿಧಿಗಳೇ ಎಂದು ಶಾಖೆಯ ನಡಾವಳಿ ನೋಡಿ ಖಚಿತ ಮಾಡುವವರು. ಈ ಸಮಿತಿ ವರದಿ ಕೊಟ್ಟು ಸಭೆ ಒಪ್ಪುವವರೆಗೆ ಯಾವ ಮತದಾನವೂ ಬೇಡ. ಮೂರು, ನಡಾವಳಿ ಬರೆಯುವ ಇಬ್ಬರು. ಒಬ್ಬರೇ ಬರೆದರೆ ಊಟದ ಹೊತ್ತಿಗೆ ಕೈ ಸೋತು "ಚರ್ಚಿಸಲಾಯಿತು" ಎಂಬ ಒಂದೇ ಪದಕ್ಕೆ ಬಂದು ನಿಲ್ಲುತ್ತಾರೆ.

7. ವರದಿಯ ಮೇಲೆ ಚರ್ಚೆ

ಕಾರ್ಯದರ್ಶಿ ವರದಿ ಓದಲು ಮುಕ್ಕಾಲು ಗಂಟೆ ಸಾಕು. ಎಲ್ಲರೂ ಮೊದಲೇ ಓದಿರುತ್ತಾರೆ. ಬಳಿಕ ಶಾಖಾವಾರು ಗುಂಪುಗಳಾಗಿ ಅರ್ಧ ಗಂಟೆ ಕೂತು ಏನು ಹೇಳಬೇಕೆಂದು ಮಾತಾಡಿಕೊಳ್ಳಲಿ. ಮೈಕಿನ ಮುಂದೆ ಬರಲು ಹೆದರುವವರು ಗುಂಪಿನಲ್ಲಿ ಬಾಯಿ ಬಿಡುತ್ತಾರೆ, ಅವರ ಮಾತನ್ನು ಶಾಖೆಯ ಇನ್ನೊಬ್ಬರು ಸಭೆಗೆ ತರುತ್ತಾರೆ. ವೇಳೆಯನ್ನು ಶಾಖೆಯ ಗಾತ್ರ ನೋಡಿ ಹಂಚಿ, ಆದರೆ ಅತಿ ಚಿಕ್ಕ ಶಾಖೆಗೂ ಕನಿಷ್ಠ ಹತ್ತು ನಿಮಿಷ ಸಿಗಲಿ.

ಟೀಕೆ ಬಂದಾಗ ಅಧ್ಯಕ್ಷ ಮಂಡಳಿ ಮಾಡುವ ಸಾಮಾನ್ಯ ತಪ್ಪು, ಪ್ರತಿ ಮಾತಿಗೂ ಕಾರ್ಯದರ್ಶಿಗೆ ಎದ್ದು ಉತ್ತರಿಸಲು ಬಿಡುವುದು. ಹಾಗೆ ಮಾಡಿದರೆ ಮೂರನೆಯ ಭಾಷಣಕಾರರ ಹೊತ್ತಿಗೆ ಸಭೆ ಜಗಳದ ಕಟ್ಟೆಯಾಗುತ್ತದೆ. ಎಲ್ಲರ ಮಾತು ಮುಗಿದ ಮೇಲೆ ಒಂದೇ ಸಲ ಉತ್ತರ. ಉತ್ತರದ ಬಳಿಕ ವರದಿಯನ್ನು ಮತಕ್ಕೆ ಹಾಕಬೇಕು. "ಎಲ್ಲರೂ ಒಪ್ಪಿದ್ದಾರೆ" ಎಂದು ಚಪ್ಪಾಳೆಯಲ್ಲಿ ಮುಗಿಸಬೇಡಿ. ಪರ ಎಷ್ಟು, ವಿರೋಧ ಎಷ್ಟು, ತಟಸ್ಥ ಎಷ್ಟು ಎಂದು ಎಣಿಸಿ ಬರೆಯಿರಿ. ಐದು ಜನ ವಿರೋಧಿಸಿದ್ದು ಪುಸ್ತಕದಲ್ಲಿ ದಾಖಲಾದರೆ ಸಂಘ ಒಡೆಯುವುದಿಲ್ಲ. ದಾಖಲಾಗದಿದ್ದರೆ ಆ ಐವರು ಹೊರಗೆ ಹೋಗಿ ಬೇರೆ ಬೋರ್ಡು ಹಾಕಬಹುದು.

8. ಠರಾವುಗಳು ಮತ್ತು ತಿದ್ದುಪಡಿಗಳು

ಠರಾವು ಎಂದರೆ ಸಭೆ ಮಾಡುವ ಲಿಖಿತ ತೀರ್ಮಾನ. ಶಾಖೆಗಳಿಂದ ಬರುವ ಠರಾವುಗಳಿಗೆ ಹತ್ತು ದಿನ ಮೊದಲಿನ ಗಡುವು ಇಡಿ, ಒಂದೇ ವಿಷಯದವನ್ನು ಠರಾವು ಸಮಿತಿ ಒಟ್ಟುಗೂಡಿಸಲಿ. "ಕಾರ್ಮಿಕರ ಎಲ್ಲ ಸಮಸ್ಯೆಗಳನ್ನು ಕೂಡಲೇ ಪರಿಹರಿಸಬೇಕೆಂದು ಈ ಸಮ್ಮೇಳನ ಸರ್ಕಾರವನ್ನು ಆಗ್ರಹಿಸುತ್ತದೆ" ಎಂಬಂಥ ಠರಾವನ್ನು ಯಾರೂ ವಿರೋಧಿಸುವುದಿಲ್ಲ, ಯಾರೂ ಜಾರಿಗೂ ತರುವುದಿಲ್ಲ. ಹೀಗೆ ಬರೆಯಿರಿ: "ಬನಹಟ್ಟಿ ಮತ್ತು ರಬಕವಿಯ ಮಗ್ಗದ ಶೆಡ್ಡುಗಳಲ್ಲಿ ಕುಡಿಯುವ ನೀರು, ಶೌಚಾಲಯ ಮತ್ತು ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇವೆಯೇ ಎಂದು ಶಾಖಾ ಸಮಿತಿಗಳು ಎರಡು ತಿಂಗಳಲ್ಲಿ ಪಟ್ಟಿ ಮಾಡುವುದು. ಆ ಪಟ್ಟಿಯೊಂದಿಗೆ ಕಾರ್ಮಿಕ ಇಲಾಖೆಗೆ ಮನವಿ ಕೊಡುವುದು. ಹೊಣೆ: ಸಹ ಕಾರ್ಯದರ್ಶಿ." ಮುಂದಿನ ಸಮ್ಮೇಳನದಲ್ಲಿ ಇದನ್ನು ಹಿಡಿದು ಪ್ರಶ್ನೆ ಕೇಳಬಹುದು.

ಮತಕ್ಕೆ ಹಾಕುವ ಕ್ರಮದಲ್ಲಿ ಎಡವುವವರು ಬಹಳ. ಮೊದಲು ತಿದ್ದುಪಡಿಗೆ ಮತ, ಆಮೇಲೆ ತಿದ್ದಿದ ಅಥವಾ ತಿದ್ದದ ಮೂಲ ಠರಾವಿಗೆ ಮತ. ತಿದ್ದುಪಡಿ ಗೆದ್ದ ಮಾತ್ರಕ್ಕೆ ಠರಾವು ಗೆದ್ದಂತಲ್ಲ. ಒಂದೇ ಠರಾವಿಗೆ ಎರಡು ಮೂರು ತಿದ್ದುಪಡಿಗಳಿದ್ದರೆ ಮೂಲದಿಂದ ಅತಿ ದೂರ ಇರುವುದನ್ನು ಮೊದಲು ತೆಗೆದುಕೊಳ್ಳಿ. ವಂತಿಗೆಯನ್ನು ತಿಂಗಳಿಗೆ 20 ರೂಪಾಯಿ ಮಾಡೋಣ ಎಂಬುದು ಮೂಲ ಠರಾವು. ಒಬ್ಬರು 25 ಎನ್ನುತ್ತಾರೆ, ಇನ್ನೊಬ್ಬರು 50. ಆಗ 50ಕ್ಕೆ ಮೊದಲ ಮತ.

ಬೈಲಾ ತಿದ್ದುಪಡಿಗೆ ನಿಮ್ಮ ಬೈಲಾ ಕೇಳುವ ಬಹುಮತ ಬೇಕು. ಮೂರನೇ ಎರಡು ಎಂದಿದ್ದರೆ ಅದು ಹಾಜರಿದ್ದವರಲ್ಲೋ, ಮತ ಹಾಕಿದವರಲ್ಲೋ, ಒಟ್ಟು ಪ್ರತಿನಿಧಿಗಳಲ್ಲೋ ಎಂಬುದನ್ನು ಮತ ಎಣಿಸುವ ಮೊದಲು ಅಧ್ಯಕ್ಷ ಮಂಡಳಿ ಓದಿ ಹೇಳಲಿ. ಎಣಿಸಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ.

9. ಚುನಾವಣೆ

ಕೆಲವು ಸಂಘಗಳಲ್ಲಿ ಸಮ್ಮೇಳನವೇ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿಯನ್ನು ನೇರವಾಗಿ ಆರಿಸುತ್ತದೆ. ಕೆಲವುಗಳಲ್ಲಿ ಸಮ್ಮೇಳನ ಕಾರ್ಯಕಾರಿ ಸಮಿತಿಯನ್ನು ಆರಿಸಿ, ಸಮಿತಿ ತನ್ನೊಳಗಿಂದ ಪದಾಧಿಕಾರಿಗಳನ್ನು ಆರಿಸುತ್ತದೆ. ಬೈಲಾದಲ್ಲಿ ಇದ್ದ ಹಾಗೆ ಮಾಡಿ. ಯಾರು ನಿಲ್ಲಬಹುದು ಎಂಬುದಕ್ಕೆ ಕಾನೂನಿನ ಕೆಲವು ಮಿತಿಗಳಿವೆ. 18 ವರ್ಷ ತುಂಬಿರಬೇಕು. ನೈತಿಕ ಅಧಃಪತನದ ಅಪರಾಧಕ್ಕೆ ಜೈಲು ಶಿಕ್ಷೆಯಾಗಿದ್ದರೆ ಬಿಡುಗಡೆಯಾಗಿ ಐದು ವರ್ಷ ಕಳೆದಿರಬೇಕು. ಹೊರಗಿನವರ, ಅಂದರೆ ಆ ಉದ್ಯಮದಲ್ಲಿ ಕೆಲಸ ಮಾಡದ ವಕೀಲರು, ಪೂರ್ಣಾವಧಿ ಕಾರ್ಯಕರ್ತರು ಮೊದಲಾದವರ ಸಂಖ್ಯೆ ಒಟ್ಟು ಪದಾಧಿಕಾರಿಗಳ ಮೂರನೇ ಒಂದು ಅಥವಾ ಐದು, ಇವೆರಡರಲ್ಲಿ ಕಡಿಮೆಯಾದುದನ್ನು ಮೀರಬಾರದು. 12 ಜನರ ಸಮಿತಿಯಲ್ಲಿ ನಾಲ್ವರು, 18 ಜನರದ್ದರಲ್ಲಿ ಐವರು. ಅಸಂಘಟಿತ ವಲಯದ ಸಂಘಗಳಿಗೆ ಸಡಿಲಿಕೆ ಇದೆ: ಅರ್ಧದಷ್ಟು ಜನ ಆ ಕೆಲಸ ಮಾಡುವವರಾಗಿದ್ದರೆ ಸಾಕು. ಇಲ್ಲಿ ಪದಾಧಿಕಾರಿ ಎಂದರೆ ಅಧ್ಯಕ್ಷ, ಕಾರ್ಯದರ್ಶಿ ಮಾತ್ರವಲ್ಲ, ಕಾರ್ಯಕಾರಿ ಸಮಿತಿಯ ಪ್ರತಿ ಸದಸ್ಯರೂ ಲೆಕ್ಕಕ್ಕೆ ಬರುತ್ತಾರೆ, ಲೆಕ್ಕಪರಿಶೋಧಕರು ಬರುವುದಿಲ್ಲ.

ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಪದ್ಧತಿ ಹೀಗಿದೆ: ಹಾಲಿ ಸಮಿತಿ ಹೊಸ ಸಮಿತಿಗೆ ಹೆಸರುಗಳ ಒಂದು ಪಟ್ಟಿ ಮುಂದಿಡುತ್ತದೆ, ಸಭೆ ಚಪ್ಪಾಳೆ ತಟ್ಟುತ್ತದೆ, ಸರ್ವಾನುಮತ ಎಂದು ಪತ್ರಿಕೆಗೆ ಸುದ್ದಿ ಹೋಗುತ್ತದೆ. ಪಟ್ಟಿ ಮುಂದಿಡುವುದು ತಪ್ಪಲ್ಲ. ಊರು, ವಿಭಾಗ, ಹೆಣ್ಣು-ಗಂಡು, ಅನುಭವ ನೋಡಿ ಯಾರಾದರೂ ಯೋಚನೆ ಮಾಡಲೇಬೇಕು. ತಪ್ಪಾಗುವುದು, ಪಟ್ಟಿಗೆ ಹೆಸರು ಸೇರಿಸಲು ಬಾಗಿಲು ಮುಚ್ಚಿದಾಗ. ಪಟ್ಟಿ ಓದಿದ ಮೇಲೆ ಅರ್ಧ ಗಂಟೆ ಬಿಡುವು ಕೊಡಿ. ಯಾವ ಪ್ರತಿನಿಧಿಯಾದರೂ ಇನ್ನೊಬ್ಬರ ಹೆಸರು ಸೂಚಿಸಬಹುದು, ಒಬ್ಬರು ಅನುಮೋದಿಸಿದರೆ ಸಾಕು, ಸೂಚಿತರ ಒಪ್ಪಿಗೆ ಇರಬೇಕು. ಹೆಸರುಗಳು ಸ್ಥಾನಗಳಿಗಿಂತ ಒಂದೇ ಒಂದು ಹೆಚ್ಚಾದರೂ ಗುಪ್ತ ಮತದಾನ. "ವಾಪಸ್ ತೆಗೆದುಕೋ ತಮ್ಮಾ, ಒಗ್ಗಟ್ಟು ಮುಖ್ಯ" ಎಂದು ಮೂಲೆಗೆ ಕರೆದೊಯ್ದು ಹೇಳುವ ಹಿರಿಯರು ಪ್ರತಿ ಸಂಘದಲ್ಲೂ ಇರುತ್ತಾರೆ. ಅವರ ಮೇಲೆ ನನಗೆ ಗೌರವವಿದೆ, ಅವರ ಆ ಸಲಹೆಯ ಮೇಲಿಲ್ಲ.

ಗುಪ್ತ ಮತದಾನಕ್ಕೆ ದೊಡ್ಡ ಏರ್ಪಾಡೇನೂ ಬೇಡ. ಮತಪತ್ರದಲ್ಲಿ ಹೆಸರುಗಳು ಕನ್ನಡ ವರ್ಣಮಾಲೆಯ ಕ್ರಮದಲ್ಲಿ ಇರಲಿ, ಹಾಲಿ ಸಮಿತಿಯ ಪಟ್ಟಿಯವರು ಮೇಲೆ, ಉಳಿದವರು ಕೆಳಗೆ ಎಂದು ಬೇಡ. ಹಿಂಭಾಗದಲ್ಲಿ ಚುನಾವಣಾಧಿಕಾರಿಯ ಸಹಿ. ಸಭಾಂಗಣದ ಮೂಲೆಯಲ್ಲಿ ಎರಡು ಬೆಂಚು, ನಡುವೆ ಒಂದು ಬೆಡ್‌ಶೀಟು ಕಟ್ಟಿದರೆ ಮರೆ ಸಿದ್ಧ. ಡಬ್ಬಿ ಖಾಲಿ ಇದೆ ಎಂದು ಎಲ್ಲರಿಗೂ ತೋರಿಸಿ ಮುಚ್ಚಿ. ಪ್ರತಿನಿಧಿ ಚೀಟಿಯ ಮೂಲೆಯನ್ನು ಕತ್ತರಿಸಿ ಮತಪತ್ರ ಕೊಡಿ; ಎರಡನೆಯ ಸಲ ಬಂದರೆ ಗೊತ್ತಾಗುತ್ತದೆ. ಓದಲು ಬಾರದವರಿಗಾಗಿ ಹೆಸರಿನ ಪಕ್ಕ ಭಾವಚಿತ್ರವನ್ನೋ ಗುರುತನ್ನೋ ಹಾಕಿ. 11 ಸ್ಥಾನಗಳಿದ್ದರೆ 11ರವರೆಗೆ ಗುರುತು ಹಾಕಬಹುದು, 12 ಹಾಕಿದರೆ ಪತ್ರ ಅಸಿಂಧು ಎಂದು ಮತದಾನಕ್ಕೆ ಮೊದಲು ಮೂರು ಸಲ ಹೇಳಿ. ಚುನಾವಣಾಧಿಕಾರಿಯೂ ಎಣಿಸುವವರೂ ಸ್ಪರ್ಧೆಯಲ್ಲಿ ಇಲ್ಲದವರಾಗಿರಲಿ. ಎಣಿಕೆ ಸಭೆಯ ಕಣ್ಣೆದುರೇ ನಡೆಯಲಿ.

ಈ ಪದ್ಧತಿಯಲ್ಲಿ ಒಂದು ದೋಷವಿದೆ, ಅದನ್ನು ಮೊದಲೇ ತಿಳಿದಿರಿ. ನಮ್ಮ ಉದಾಹರಣೆಯ 33 ಪ್ರತಿನಿಧಿಗಳಲ್ಲಿ 16 ಜನ ಬನಹಟ್ಟಿಯವರು. ಅವರು ಒಗ್ಗಟ್ಟಾಗಿ, ಬೇರೆ ಶಾಖೆಯ ಒಬ್ಬರನ್ನು ಸೇರಿಸಿಕೊಂಡು 17 ಜನ ಒಂದೇ 11 ಹೆಸರಿಗೆ ಗುರುತು ಹಾಕಿದರೆ ಆ 11 ಜನರೂ ಗೆಲ್ಲುತ್ತಾರೆ. ಉಳಿದ 16 ಮತಗಳಿಂದ ಒಂದು ಸ್ಥಾನವೂ ಸಿಗುವುದಿಲ್ಲ. ಎಲ್ಲವೂ ನಿಯಮದ ಪ್ರಕಾರವೇ ನಡೆದು ಗುಳೇದಗುಡ್ಡದವರ ದನಿ ಸಮಿತಿಯಲ್ಲಿ ಇಲ್ಲದಂತಾಗುತ್ತದೆ. ಪರಿಹಾರ ಬೈಲಾದಲ್ಲೇ ಇರಬೇಕು: ಪ್ರತಿ ಶಾಖೆಗೆ ಒಂದು ಮೀಸಲು ಸ್ಥಾನ, ಮಹಿಳೆಯರಿಗೆ ಸದಸ್ಯತ್ವಕ್ಕೆ ತಕ್ಕಷ್ಟು ಸ್ಥಾನ, ಉಳಿದವಕ್ಕೆ ಮುಕ್ತ ಸ್ಪರ್ಧೆ. ಇದನ್ನು ಚುನಾವಣೆಯ ದಿನ ತರಲು ಹೋಗಬೇಡಿ. ಒಂದು ಸಮ್ಮೇಳನದಲ್ಲಿ ನಿಯಮ ಮಾಡಿ, ಮುಂದಿನದರಿಂದ ಜಾರಿಗೆ ತನ್ನಿ.

10. ಸಮ್ಮೇಳನ ಮುಗಿದ ಮೇಲೆ

ಬಹಿರಂಗ ಸಭೆ, ಮೆರವಣಿಗೆ ಮುಗಿದು ಎಲ್ಲರೂ ಊರು ಸೇರಿದ ಮೇಲೆ ಬೇಸರದ ಕೆಲಸಗಳು ಶುರು. ಮತಪತ್ರಗಳನ್ನು ಲಕೋಟೆಯಲ್ಲಿ ಹಾಕಿ ಅರಗು ಒತ್ತಿ, ತಕರಾರಿನ ಗಡುವು ಮುಗಿಯುವವರೆಗೆ ಚುನಾವಣಾಧಿಕಾರಿಯ ಬಳಿ ಇಡಿ. ವಾರದೊಳಗೆ ನಡಾವಳಿಯನ್ನು ಚೊಕ್ಕವಾಗಿ ಬರೆದು ಅಧ್ಯಕ್ಷ ಮಂಡಳಿಯ ಎಲ್ಲರ ಸಹಿ ಪಡೆಯಿರಿ. ಹಳೆಯ ಖಜಾಂಚಿಯಿಂದ ಹೊಸ ಖಜಾಂಚಿಗೆ ನಗದು, ಪಾಸ್‌ಬುಕ್ಕು, ಚೆಕ್ ಪುಸ್ತಕ, ಬಳಸದ ರಸೀದಿ ಪುಸ್ತಕಗಳನ್ನು ಸಂಖ್ಯೆ ಬರೆದು ಹಸ್ತಾಂತರಿಸಿ. ಬ್ಯಾಂಕಿನಲ್ಲಿ ಸಹಿ ಬದಲಾಯಿಸಲು ಸಮ್ಮೇಳನದ ಠರಾವಿನ ನಕಲು ಕೇಳುತ್ತಾರೆ, ಮೂರು ನಾಲ್ಕು ಪ್ರತಿ ಮೊದಲೇ ಮಾಡಿಸಿಟ್ಟುಕೊಳ್ಳಿ.

ಪದಾಧಿಕಾರಿಗಳ ಬದಲಾವಣೆ ಮತ್ತು ಬೈಲಾ ತಿದ್ದುಪಡಿಯನ್ನು ಕಾರ್ಮಿಕ ಇಲಾಖೆಯ ನೋಂದಣಾಧಿಕಾರಿಗೆ ತಿಳಿಸಲೇಬೇಕು. ಹಳೆಯ ಕಾಯ್ದೆಯಲ್ಲಿ ಬೈಲಾ ತಿದ್ದುಪಡಿಯ ಪ್ರತಿಯನ್ನು 15 ದಿನಗಳೊಳಗೆ ಕಳಿಸಬೇಕಿತ್ತು. ಈಗಲೂ ಆ ರೂಢಿಯನ್ನೇ ಇಟ್ಟುಕೊಂಡರೆ ತಡವಾಯಿತೆಂಬ ಮಾತು ಬರುವುದಿಲ್ಲ. ನಮೂನೆಗಳನ್ನು ಇಲಾಖೆಯಲ್ಲಿ ಕೇಳಿ ಪಡೆಯಿರಿ, ಯಾರದೋ ಹಳೆಯ ಫೈಲಿನಿಂದ ನಕಲು ಮಾಡಬೇಡಿ.

ಕೊನೆಯದಾಗಿ, ಪ್ರತಿ ಶಾಖೆಯಲ್ಲೂ ತಿಂಗಳೊಳಗೆ ಒಂದು ಸಭೆ ಕರೆದು ಪ್ರತಿನಿಧಿಗಳು ತಮ್ಮನ್ನು ಕಳಿಸಿದವರಿಗೆ ವರದಿ ಒಪ್ಪಿಸಲಿ: ಏನು ತೀರ್ಮಾನವಾಯಿತು, ಯಾವ ಠರಾವಿಗೆ ತಾವು ಹೇಗೆ ಮತ ಹಾಕಿದೆವು, ಶಾಖೆ ಹೇಳಿಕಳಿಸಿದ್ದಕ್ಕಿಂತ ಬೇರೆ ಹಾಕಿದ್ದರೆ ಯಾಕೆ. ಆ ಸಭೆಗೆ ಹೊಸ ಸಮಿತಿಯಿಂದ ಒಬ್ಬರಾದರೂ ಹೋಗಲಿ, ಠರಾವುಗಳ ಅಚ್ಚಾದ ಪ್ರತಿಗಳನ್ನು ಜೊತೆಗೆ ಒಯ್ಯಲಿ.